ಭೂತಮ್ಮ ಬರುತ್ತಿದ್ದ ಬುಧವಾರಗಳು

ಹೊಸ ವರ್ಷದ ಮೊದಲ ಭಾನುವಾರ ಪಾಸ್ಟರ್ ಜ್ಞಾನೇಶ್ ಚೀಟಿ ಓದಿದಾಗ ಪುಷ್ಪಲತಾ ಮೊದಲು ನೋಡಿದ್ದು ಗಂಡನ ಮುಖವನ್ನು.

ಕಿಬ್ಬನಹಳ್ಳಿಗೆ ಎರಡು ಮೈಲಿ ಈಚೆ, ರಸ್ತೆ ಬದಿಯ ಶೀಟಿನ ಕಟ್ಟಡದಲ್ಲಿ ಕೂಡುವ ಸಣ್ಣ ಸಭೆ ಅದು. ಎಲ್ಲ ಸೇರಿದರೆ ಮೂವತ್ತೈದು ಮನೆ. ಆವತ್ತು ಪಾಸ್ಟರು ಎಂದಿನಂತೆ ಉದ್ದದ ಪ್ರಸಂಗ ಮಾಡಲಿಲ್ಲ. "ಇಷ್ಟು ವರ್ಷ ಭಾನುವಾರ ಬಂದ್ವಿ, ಕೂತು ಕೇಳಿದ್ವಿ, ಎದ್ದು ಹೋದ್ವಿ. ಕೇಳಿದೋರೆಲ್ಲ ಶಿಷ್ಯರಾಗಲ್ಲ. ಈ ವರ್ಷ ಇಡೀ ಸಭೆಗೆ ಒಂದೇ ಗುರಿ. ಒಬ್ಬರ ಜೊತೆ ಒಬ್ಬರು ನಡೀಬೇಕು. ವಾರಕ್ಕೊಂದು ಸಲ ಅವರ ಮನೆಗೆ ಹೋಗಿ, ಕೂತು, ಮನಸ್ಸಿನ ಮಾತು ಆಡಿ, ಪ್ರಾರ್ಥನೆ ಮಾಡಿ ಬರಬೇಕು. ಓದಿದೋರು ಓದದೋರಿಗೆ ಕಲಿಸೋದಲ್ಲ ಇದು. ಹೆಚ್ಚು ದಿನ ನಡೆದೋರು ಹಿಂದೆ ಬರೋರಿಗೆ ಜೊತೆಯಾಗೋದು" ಎಂದು ಹೇಳಿ ಚೀಟಿಗಳನ್ನು ತೆಗೆದರು.

"ದಯಾನಂದ ಅವರ ಮನೆಗೆ ಭೂತಮ್ಮನವರು."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಪುಷ್ಪಲತಾಳ ಗಂಡ ದಯಾನಂದ ಸಭೆಯ ಹಿರಿಯರಲ್ಲೊಬ್ಬ. ತನಗೆ ಯಾವುದಾದರೂ ಹೊಸ ಕುಟುಂಬವನ್ನು ಒಪ್ಪಿಸುತ್ತಾರೆ ಎಂದು ಮನೆಯಲ್ಲಿ ವಾರದಿಂದ ಹೇಳಿಕೊಂಡು ಓಡಾಡಿದ್ದ. ಈಗ ಅವನ ಕಿವಿ ಕೆಂಪಗಾಯಿತು.

ಭೂತಮ್ಮನಿಗೆ ಎಪ್ಪತ್ತರ ಮೇಲೆ ವಯಸ್ಸು. ಸಭೆಗೆ ಬಂದು ನಲವತ್ತು ವರ್ಷ. ದೀಕ್ಷಾಸ್ನಾನದ ದಿನ ಆಗಿನ ಪಾದ್ರಿಗಳು ಬೇರೆ ಹೆಸರು ಇಟ್ಟುಕೋ ಎಂದಾಗ, "ಹೆಸರು ಬದಲಾಯಿಸ್ಬುಟ್ರೆ ದೇವ್ರಿಗೆ ನನ್ನ ಗುರ್ತು ಸಿಗ್ತದಾ ಅಯ್ಯ?" ಎಂದು ಕೇಳಿದವಳು. ಆ ಮಾತನ್ನು ಹೇಳಿಕೊಂಡು ಸಭೆಯವರು ಇಂದಿಗೂ ನಗುತ್ತಾರೆ. ಅಕ್ಷರ ಬಾರದಿದ್ದರೂ ನೂರಾರು ವಾಕ್ಯ, ನೂರಾರು ಹಾಡು ಅವಳ ಬಾಯಲ್ಲಿವೆ. ಇಷ್ಟಲ್ಲದೆ, ದಯಾನಂದನ ಅಪ್ಪ ಇದ್ದ ಕಾಲದಲ್ಲಿ ಅವರದೇ ಮನೆಯ ಹಿತ್ತಿಲಂಗಳದಲ್ಲಿ ಕೂತು ವರ್ಷಗಟ್ಟಲೆ ಕೂಲಿಗೆ ಕೊಬ್ಬರಿ ಬಿಡಿಸಿದವಳು.

ರಾತ್ರಿ ಮುದ್ದೆಗೆ ಅವರೆಕಾಳಿನ ಸಾರು. ಪುಷ್ಪಲತಾಳ ಅತ್ತೆ ಕೆಂಚಮ್ಮ ಮುದ್ದೆ ಮುರಿಯುವ ಮೊದಲೇ ಶುರುಮಾಡಿದರು.

"ನಮ್ಮ ಅಂಗಳದಾಗೆ ಕರಟ ಗುಡಿಸ್ತಿದ್ದೋಳು ನಮಗೆ ಹೇಳ್ಕೊಡ್ತಾಳಾ?"

"ನಿಮಗಲ್ಲ ಅಜ್ಜಿ, ಅಪ್ಪಂಗೆ," ಎಂದಳು ಮಗಳು ಸ್ಪಂದನ. ತಿಪಟೂರಿನಲ್ಲಿ ಡಿಗ್ರಿ ಕೊನೆಯ ವರ್ಷ ಓದುತ್ತಿದ್ದ ಅವಳಿಗೆ ಮಾತು ತುದಿನಾಲಿಗೆಯ ಮೇಲೇ ಇರುತ್ತಿತ್ತು.

"ತಲೆಹರಟೆ ಮಾಡಬ್ಯಾಡ ಕಣೇ," ಎಂದ ದಯಾನಂದ. "ಪಾಸ್ಟರ್ ಹೇಳವ್ರೆ ಅಂದ್ಮೇಲೆ ಇಲ್ಲ ಅನ್ನಕ್ಕಾಗಲ್ಲ. ಬತ್ತಾಳೆ, ಪ್ರಾರ್ಥನೆ ಮಾಡ್ತಾಳೆ, ಹೋಯ್ತಾಳೆ. ಪುಷ್ಪ, ನೀನೇ ನೋಡ್ಕೊ. ನನಗೆ ಕೊಬ್ಬರಿ ಮಂಡಿ ಕೆಲಸ ಇರ್ತದೆ."

ಪುಷ್ಪಲತಾ ಸಾರು ಬಡಿಸುತ್ತ ಸರಿ ಎಂದಳು. ಅವಳಿಗೆ ಒಳಗೊಳಗೇ ಸಂತೋಷವಾಗಿತ್ತು. ಅದನ್ನು ಆ ಊಟದ ಹೊತ್ತಿನಲ್ಲಿ ತೋರಿಸಿಕೊಳ್ಳುವಂತಿರಲಿಲ್ಲ.

ಅವಳು ಕೆಂಕೆರೆಯ ಹೆಣ್ಣು. ತವರಿನವರು ಒಪ್ಪದ ಮದುವೆ ಮಾಡಿಕೊಂಡು ಈ ಮನೆಗೆ, ಈ ಸಭೆಗೆ ಬಂದವಳು. ಅವ್ವ ಇರುವಷ್ಟು ದಿನ ಹೇಗೋ ಹೋಗಿಬರುವುದು ನಡೆಯುತ್ತಿತ್ತು. ಒಂಬತ್ತು ವರ್ಷದ ಹಿಂದೆ ಅವ್ವ ತೀರಿಕೊಂಡಳು. ಹನ್ನೊಂದನೆಯ ದಿನ ಹೊರಡುವಾಗ, "ಎಡೆಗಿಟ್ಟ ಅನ್ನ ಮುಟ್ಟಿಗಿಟ್ಟೀಯ" ಎಂದು ಕೆಂಚಮ್ಮ ಹೇಳಿ ಕಳಿಸಿದ್ದರು. ಪುಷ್ಪಲತಾ ಹೋದಳು, ಅಂಗಳದಲ್ಲಿ ನಿಂತು ಅತ್ತಳು, ಎಲೆ ಹಾಕುವ ಹೊತ್ತಿಗೆ ಹೊರಟುಬಿಟ್ಟಳು. ಅಣ್ಣ ಗಂಗಾಧರ ಬೇಲಿಯವರೆಗೆ ಬಂದು, "ಅವ್ವನ ಹೆಸರಿನ ಅನ್ನ ಬ್ಯಾಡವಾದೋಳಿಗೆ ಈ ಮನೆ ಬಾಗಿಲೂ ಬ್ಯಾಡ" ಎಂದ. ಅಂದಿನಿಂದ ಮಾತಿಲ್ಲ. ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ಯಾರನ್ನಾದರೂ ಕೇಳಬೇಕೆಂದು ಅವಳಿಗೆ ಒಂಬತ್ತು ವರ್ಷದಿಂದ ಆಸೆ. ಗಂಡನನ್ನು ಕೇಳಿದರೆ ಅತ್ತೆಯನ್ನು ದೂರಿದಂತಾಗುತ್ತದೆ. ಪಾಸ್ಟರು ವಯಸ್ಸಿನಲ್ಲಿ ಚಿಕ್ಕವರು. ಭೂತಮ್ಮನಿಗಾದರೆ ಊರು ತುಂಬ ನೆಂಟರು, ಒಬ್ಬರೂ ಸಭೆಗೆ ಬಂದವರಲ್ಲ. ಅವರ ಎಲ್ಲ ಮದುವೆ ಒಸಗೆಗೂ ಹೋಗುತ್ತಾಳೆ, ಎಲ್ಲರ ಜೊತೆಯೂ ನಗುನಗುತ್ತ ಇದ್ದಾಳೆ. ಕೇಳಿದರೆ ಅವಳನ್ನೇ ಕೇಳಬೇಕು.

ಮೊದಲ ಬುಧವಾರ ಮೂರು ಗಂಟೆಗೆ ಭೂತಮ್ಮ ಬಂದಳು. ಚಿಕ್ಕನಾಯಕನಹಳ್ಳಿ ರಸ್ತೆಯಲ್ಲಿ ಅವಳ ಹಳ್ಳಿ. ಬಸ್ಸು ಹೆಂಗಸರಿಗೆ ಫ್ರೀ ಆದಮೇಲೆ ಆಧಾರ್ ಕಾರ್ಡನ್ನು ಸೆರಗಿನ ಗಂಟಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದಳು. ಪುಷ್ಪಲತಾ ಹಾಲಿಗೆ ಕರೆದು ಕುರ್ಚಿ ತೋರಿಸಿದಳು. ಭೂತಮ್ಮ ಕುರ್ಚಿಯನ್ನು ಒಂದು ಸಲ ನೋಡಿ, "ಒಳಗೆ ಸೆಕೆ ಕಣವ್ವ" ಎಂದು ಹಿತ್ತಿಲ ಜಗಲಿಗೆ ನಡೆದಳು. ಅವಳಿಗೆ ಈ ಮನೆಯಲ್ಲಿ ಗೊತ್ತಿದ್ದ ಜಾಗ ಅದೊಂದೇ.

ಜಗಲಿಯ ಪಕ್ಕದಲ್ಲಿ ಮಟ್ಟೆ ಸುಲಿದ ಕಾಯಿಗಳ ರಾಶಿ ಇತ್ತು. ಅಟ್ಟದಲ್ಲಿ ವರ್ಷ ಕಳೆದು, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗುಡುಗುಡು ಎನ್ನುವ ಕಾಯಿಗಳು. ಮೇಲಿನ ಕರಟವನ್ನು ಮಚ್ಚಿನಿಂದ ತಟ್ಟಿ ತಟ್ಟಿ ಬಿಡಿಸಬೇಕು, ಒಳಗಿನ ಕೊಬ್ಬರಿ ಒಡೆಯದೆ ಉಂಡೆಯಾಗಿ ಬರಬೇಕು. ಹೋಳಾದರೆ ಬೆಲೆ ಇಲ್ಲ. ಆ ಕೈ ಎಲ್ಲರಿಗೂ ಬರುವುದಿಲ್ಲ.

ಭೂತಮ್ಮ ಒಂದು ಹಾಡು ಹೇಳಿದಳು. ಕಣ್ಣುಮುಚ್ಚಿ ಪ್ರಾರ್ಥನೆ ಮಾಡಿದಳು. ಆಮೇಲೆ, "ನಿನ್ನ ಮನಸ್ಸಿನಾಗೆ ಏನು ಭಾರ ಐತೆ ಹೇಳವ್ವ" ಎಂದಳು.

ಪುಷ್ಪಲತಾ ಬಾಯಿ ತೆರೆದಳು. ಅಡುಗೆಮನೆಯ ಕಿಟಕಿಯ ಆಚೆ ಅತ್ತೆಯ ಬಳೆ ಸದ್ದಾಯಿತು.

"ಬರೋ ವಾರ ಹೇಳ್ತೀನಿ ಭೂತವ್ವ."

"ಆಗಲಿ. ಅವಸರ ಏನೈತೆ?" ಭೂತಮ್ಮ ಪಕ್ಕದಲ್ಲಿದ್ದ ಮಚ್ಚನ್ನು ಎತ್ತಿಕೊಂಡಳು. "ಬಸ್ಸಿಗಿನ್ನೂ ಹೊತ್ತೈತೆ. ಸುಮ್ಕೆ ಕೂರಕ್ಕೆ ನನ್ನ ಕೈಗೆ ಬರಲ್ಲ." ಐದು ಗಂಟೆಗೆ ಅವಳು ಎದ್ದಾಗ ನಲವತ್ತು ಉಂಡೆ ಕೊಬ್ಬರಿ ಸಾಲಾಗಿದ್ದವು. ಒಂದೂ ಹೋಳಾಗಿರಲಿಲ್ಲ.

ಸಂಜೆ ದಯಾನಂದ ಅವನ್ನು ಎತ್ತಿ ತಿರುಗಿಸಿ ನೋಡಿ, "ಅಬ್ಬ, ಇನ್ನೂ ಅದೇ ಕೈ" ಎಂದ.

ಎರಡನೆಯ ವಾರ ಮಚ್ಚು ಮಸೆದಿಟ್ಟಿತ್ತು. ಮೂರನೆಯ ವಾರ ದಯಾನಂದ ಮಂಗಳವಾರವೇ ಅಟ್ಟದಿಂದ ಕಾಯಿ ಇಳಿಸಿ ಸುಲಿಸಿ ರಾಶಿ ಹಾಕಿಸಿದ. ಕೂಲಿಗೆ ಜನ ಸಿಗುವುದೇ ಕಷ್ಟವಾಗಿತ್ತು, ಸಿಕ್ಕವರ ಕೈಯಲ್ಲಿ ಹತ್ತಕ್ಕೆರಡು ಹೋಳು. ಮೂರು ಗಂಟೆಗೆ ಬರುತ್ತಿದ್ದ ಭೂತಮ್ಮನಿಗೆ, "ಬೇಗ ಬಂದ್ರೆ ಇಲ್ಲೇ ಊಟ ಮಾಡಬಹುದಲ್ಲ" ಎಂದು ಹೇಳಿದವಳು ಮಾತ್ರ ಪುಷ್ಪಲತಾಳೇ. ಪ್ರೀತಿಯಿಂದಲೇ ಹೇಳಿದ್ದಳು. ಬುಧವಾರ ಉಪ್ಸಾರು ಮಾಡಿ, ಭೂತಮ್ಮನ ಮುದ್ದೆಯನ್ನು ಉಳಿದವರದ್ದಕ್ಕಿಂತ ದಪ್ಪ ಕಟ್ಟುತ್ತಿದ್ದಳು. ಉಂಡ ಮೇಲೆ ಭೂತಮ್ಮ ಜಗಲಿಗೆ, ಪುಷ್ಪಲತಾ ಪಾತ್ರೆಗೆ, ಬಟ್ಟೆಗೆ, ಹಸುವಿನ ನೀರಿಗೆ. ಹೊರಡುವ ಹತ್ತು ನಿಮಿಷ ಮುಂಚೆ ಇಬ್ಬರೂ ಕಣ್ಣುಮುಚ್ಚುತ್ತಿದ್ದರು. ಭೂತಮ್ಮ ಪ್ರತಿ ವಾರವೂ ಕೇಳುತ್ತಿದ್ದಳು, "ಏನೋ ಹೇಳ್ತೀನಿ ಅಂದಿದ್ದೆಯಲ್ಲವ್ವ?" ಪುಷ್ಪಲತಾ ಪ್ರತಿ ವಾರವೂ, "ನಿಧಾನಕ್ಕೆ ಕೂತು ಹೇಳ್ಬೇಕು" ಎನ್ನುತ್ತಿದ್ದಳು. ಆ ನಿಧಾನ ಯಾವ ಬುಧವಾರವೂ ಬರಲಿಲ್ಲ.

ಕೆಂಚಮ್ಮನವರ ಮುನಿಸು ಮಾತ್ರ ಪೂರ್ತಿ ಇಳಿದುಹೋಗಿತ್ತು. ನೆರೆಮನೆಯವರಿಗೆ, "ನಮಗೆ ಭೂತವ್ವನ್ನೇ ಹಾಕವ್ರೆ. ಬಂಗಾರದಂಥೋಳು" ಎಂದು ಹೇಳತೊಡಗಿದ್ದರು.

ಏಪ್ರಿಲ್ ಮೊದಲ ವಾರ ಸ್ಪಂದನ ಕಾಲೇಜಿನಿಂದ ಬಂದವಳು ಚೀಲದಿಂದ ಒಂದು ಲಗ್ನಪತ್ರಿಕೆ ತೆಗೆದು ಅಮ್ಮನ ಕೈಗಿಟ್ಟಳು. ಗಂಗಾಧರನ ಮಗಳು ಭಾನುಪ್ರಿಯಾಳ ಮದುವೆ. ಬಸ್‌ಸ್ಟ್ಯಾಂಡಿನಲ್ಲಿ ಅವಳೇ ಕೊಟ್ಟಿದ್ದಳಂತೆ.

"ನಿಮ್ಮ ಮಾವ ಏನಂದ್ರಂತೆ?"

"'ಅತ್ತೆ ಬರಲಿ ಅಂತ ಅಪ್ಪ ಹೇಳಿಲ್ಲ, ಬ್ಯಾಡ ಅಂತಲೂ ಹೇಳಿಲ್ಲ' ಅಂದ್ಲು. ಪತ್ರಿಕೆ ಮೇಲೆ ನಿನ್ನ ಹೆಸರು ಬರೆದಿರೋದು ಮಾತ್ರ ಮಾವನ ಅಕ್ಷರ."

ಪುಷ್ಪಲತಾ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಆ ಅಕ್ಷರ ನೋಡಿದಳು. ಹುಡುಗಿಯಾಗಿದ್ದಾಗ ಅವಳ ಪುಸ್ತಕಕ್ಕೆ ರಟ್ಟು ಹಾಕಿ ಹೆಸರು ಬರೆದುಕೊಡುತ್ತಿದ್ದವನು ಅವನೇ.

ಊಟಕ್ಕೆ ಕೂತಾಗ ಮೆಲ್ಲಗೆ ಮಾತು ತೆಗೆದಳು. ಕೆಂಚಮ್ಮ, "ಹೋಗು, ಯಾರು ಬ್ಯಾಡ ಅಂತಾರೆ? ಕಳಸ ಕನ್ನಡಿ ಮುಂದೆ ನಿಂತು ಏನು ಮಾಡ್ತೀಯೋ ಅದನ್ನೂ ಯೋಚನೆ ಮಾಡು" ಎಂದರು. ದಯಾನಂದ, "ನಾನು ಸಭೆ ಹಿರಿಯ. ನಾಳೆ ಯಾರಾದ್ರೂ ಕೇಳಿದ್ರೆ ನಾನೇ ಉತ್ತರ ಕೊಡಬೇಕು" ಎಂದ. ಯಾರೂ ಬೇಡ ಎನ್ನಲಿಲ್ಲ. ಹೋಗು ಎಂದೂ ಯಾರೂ ಹೇಳಲಿಲ್ಲ.

ಭೂತವ್ವ ಹೇಳಿದಂತೆ ಮಾಡುವುದು ಎಂದು ಪುಷ್ಪಲತಾ ಮನಸ್ಸಿನಲ್ಲೇ ಗಂಟು ಹಾಕಿಕೊಂಡಳು. ಮದುವೆಗೆ ಇನ್ನು ಮೂರು ಬುಧವಾರಗಳಿದ್ದವು.

ಮೊದಲನೆಯದರಲ್ಲಿ ಮನೆಗೆ ನೆಂಟರು ಬಂದರು. ಎರಡನೆಯದರ ಹಿಂದಿನ ರಾತ್ರಿ ಊಟದ ಹೊತ್ತಿಗೆ ಸ್ಪಂದನ ಸಿಡಿದಳು.

"ಅಪ್ಪ, ಭೂತಜ್ಜಿ ಇಲ್ಲಿಗೆ ಬರೋದು ಶಿಷ್ಯತ್ವಕ್ಕಾ, ಕಾಯಿ ಒಡೆಯಕ್ಕಾ?"

"ಯಾರು ಒಡಿ ಅಂದ್ರು? ಅವಳೇ ತಾನೇ ಮಚ್ಚು ಎತ್ಕೊಂಡಿದ್ದು?"

"ಮೊದಲ್ನೇ ವಾರ ಅವರೇ ಎತ್ಕೊಂಡ್ರು. ಎರಡ್ನೇ ವಾರ ನೀವು ಮಸೆದು ಇಟ್ಟಿದ್ರಿ."

ದಯಾನಂದನ ಕೈ ತಟ್ಟೆಯಲ್ಲೇ ನಿಂತಿತು. "ಏನೀಗ? ಕೂಲಿ ಕೊಟ್ಬುಡ್ತೀನಿ ಬುಡು. ಜನವರಿಯಿಂದ ಲೆಕ್ಕ ಹಾಕಿ ಕೊಟ್ಬುಡ್ತೀನಿ."

"ಕೂಲಿ ಕೊಟ್ರೆ ಕೂಲಿಯೋರೇ ಆಗ್ತಾರಲ್ಲಪ್ಪ."

"ನೋಡ್ದೇನೇ ಪುಷ್ಪ ನಿನ್ನ ಮಗಳ ಬಾಯಿ!" ಎಂದರು ಕೆಂಚಮ್ಮ. "ದುಡಿಯೋ ಜೀವ ಅದು. ಸುಮ್ಕೆ ಕೂತ್ಕೋ ಅಂದ್ರೆ ಅವಳಿಗೇ ಬ್ಯಾಸರ."

"ಊಟ ಮಾಡು, ಆರಿಹೋಗುತ್ತೆ" ಎಂದಳು ಪುಷ್ಪಲತಾ ಮಗಳಿಗೆ. ಸ್ಪಂದನ ಅಮ್ಮನ ಮುಖವನ್ನೇ ನೋಡಿದಳು. "ನೀನೂ ಹಿಂಗೆ ಅಂದ್ರೆ ಹೆಂಗಮ್ಮ?" ಎಂದು ಎದ್ದುಹೋದಳು.

ಆ ಬುಧವಾರ ಭೂತಮ್ಮನಿಗೆ ಜ್ವರ, ಬರಲಿಲ್ಲ. ಉಳಿದದ್ದು ಒಂದೇ ಬುಧವಾರ.

ಅವತ್ತು ಪುಷ್ಪಲತಾ ಹನ್ನೊಂದಕ್ಕೆಲ್ಲ ಅಡುಗೆ ಮುಗಿಸಿ, ಬಟ್ಟೆ ಒಗೆದು ಹರವಿ, ಕೋಣೆಯಲ್ಲಿ ಚಾಪೆ ಹಾಸಿಟ್ಟಳು. ಭೂತಮ್ಮ ಬಂದಾಗ, "ಇವತ್ತು ಮಚ್ಚು ಮುಟ್ಟಬ್ಯಾಡ. ಒಳಗೆ ಬಾ" ಎಂದಳು. ಭೂತಮ್ಮನ ಮುಖ ಅರಳಿತು.

ಅಷ್ಟರಲ್ಲಿ ದಯಾನಂದ ಬೈಕು ನಿಲ್ಲಿಸಿದ. "ಪುಷ್ಪ, ನಾಳೆ ಹರಾಜಿಗೆ ಮಾಲು ಹೋಗಬೇಕು. ಕಳೆದ ವಾರದ್ದೂ ಹಂಗೇ ಬಿದ್ದೈತೆ. ಇಬ್ಬರು ಆಳು ಕೈಕೊಟ್ರು. ಇವತ್ತೊಂದಿನ."

ಭೂತಮ್ಮ ಪುಷ್ಪಲತಾಳ ಮುಖ ನೋಡಿದಳು. ಬೇಡ ಎಂದು ಅವಳೊಬ್ಬಳು ಹೇಳಿದ್ದರೆ ಆಗುತ್ತಿತ್ತು. ಪುಷ್ಪಲತಾ, "ನಾನೂ ಕೂರ್ತೀನಿ ಭೂತವ್ವ. ಒಡೀತಾ ಒಡೀತಾ ಮಾತಾಡನ" ಎಂದಳು.

ಆದರೆ ಅತ್ತೆಯೂ ಬಂದು ಕೊಬ್ಬರಿ ಆರಿಸಲು ಪಕ್ಕದಲ್ಲೇ ಕೂತರು. ಕರಟದ ಸದ್ದಿನಲ್ಲಿ ಪಿಸುಮಾತು ಆಡುವಂತಿರಲಿಲ್ಲ. ಗಟ್ಟಿಯಾಗಿ ಆಡುವ ಮಾತೂ ಅದಲ್ಲ. "ಏನವ್ವ ಅದು?" ಎಂದು ಭೂತಮ್ಮ ಒಮ್ಮೆ ಕೇಳಿದಳು. "ಈ ರಾಶಿ ಮುಗೀಲಿ" ಎಂದಳು ಪುಷ್ಪಲತಾ. ರಾಶಿ ಮುಗಿಯುವ ಹೊತ್ತಿಗೆ ರಸ್ತೆಯಲ್ಲಿ ಬಸ್ಸು ಹಾರನ್ ಹೊಡೆಯಿತು. ಭೂತಮ್ಮ ಕೈಗಂಟಿದ ನಾರನ್ನು ಸೀರೆಗೆ ಒರೆಸಿಕೊಳ್ಳುತ್ತ ಓಡಿದಳು. ಪ್ರಾರ್ಥನೆಯೂ ಆಗಲಿಲ್ಲ.

ಭಾನುವಾರ ಕೆಂಕೆರೆಯಲ್ಲಿ ಮದುವೆ. ಹತ್ತೂವರೆಗೆ ಮುಹೂರ್ತ. ಆ ಹೊತ್ತಿನಲ್ಲಿ ಪುಷ್ಪಲತಾ ಸಭೆಯಲ್ಲಿ ಹಾಡಿನ ಪುಸ್ತಕ ಹಿಡಿದು ನಿಂತಿದ್ದಳು. ಸ್ಪಂದನ ಯಾರನ್ನೂ ಕೇಳದೆ ಒಬ್ಬಳೇ ಹೋಗಿದ್ದವಳು ಸಂಜೆ ಬಂದಳು.

"ಊಟ ಮಾಡ್ದಾ?" ಎಂದಷ್ಟೇ ಕೇಳಿದಳು ಪುಷ್ಪಲತಾ.

"ಮಾಡ್ದೆ. ಮಾವನೇ ಬಡಿಸಿದ್ರು." ಸ್ಪಂದನ ಚಪ್ಪಲಿ ಬಿಡುತ್ತ ಹೇಳಿದಳು. "ಧಾರೆಗೆ ಮುಂಚೆ ಎರಡು ಸಲ ಚಪ್ಪರದ ಬಾಗಿಲಿಗೆ ಬಂದು ರಸ್ತೆ ನೋಡಿದ್ರು. ನಿಮ್ಮಮ್ಮ ಹಿಂದಿನ ಬಸ್ಸಿಗೆ ಬತ್ತಾಳಾ ಅಂತ ಕೇಳಿದ್ರು."

"ನೀನೇನಂದೆ?"

"ಗೊತ್ತಿಲ್ಲ ಮಾವ ಅಂದೆ. ಇನ್ನೇನನ್ನಲಿ?"

ಪುಷ್ಪಲತಾ ಹಾಲು ಕಾಯಿಸಲು ಒಳಗೆ ಹೋದಳು. ಆ ದಿನ ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು.

ಆಮೇಲೂ ಬುಧವಾರಗಳು ಬಂದವು, ಕಾಯಿಗಳು ಅಟ್ಟದಿಂದ ಇಳಿದವು. ಮದುವೆಯೇ ಮುಗಿದ ಮೇಲೆ ಭೂತಮ್ಮನನ್ನು ಕೇಳಲು ಪ್ರಶ್ನೆಯೂ ಉಳಿದಿರಲಿಲ್ಲ. ಭೂತಮ್ಮ ಕೇಳುವುದನ್ನೂ ಬಿಟ್ಟಳು.

ಜುಲೈಯಲ್ಲಿ ಅರ್ಧ ವರ್ಷದ ಕೂಟ. ಜೊತೆಜೊತೆಯಾಗಿ ಎದ್ದು ನಿಂತು, ಆರು ತಿಂಗಳಲ್ಲಿ ಏನಾಯಿತು ಎಂದು ಹೇಳಬೇಕು. ಒಬ್ಬ ಹುಡುಗ ಕುಡಿತ ಬಿಟ್ಟದ್ದನ್ನು ಹೇಳಿದ. ಹತ್ತು ವರ್ಷ ಜಗಳವಾಡಿದ್ದ ಇಬ್ಬರು ವಾರಗಿತ್ತಿಯರು ಕೈ ಹಿಡಿದು ನಿಂತರು. ಭೂತಮ್ಮನ ಸರದಿ ಬಂತು. ಪುಷ್ಪಲತಾ ಎದ್ದು ಅವಳ ಪಕ್ಕಕ್ಕೆ ಹೋದಳು.

"ಇವರ ಮನೆಯೋರು ಒಳ್ಳೇರು," ಎಂದಳು ಭೂತಮ್ಮ. "ವಾರ ವಾರ ಹೊಟ್ಟೆ ತುಂಬ ಮುದ್ದೆ ಇಕ್ಕವ್ರೆ. ಆದ್ರೆ ಅಯ್ಯನೋರೆ, ನನಗೆ ಕೊಟ್ಟ ಕೆಲಸ ನಾನು ಮಾಡ್ಲಿಲ್ಲ. ಪುಷ್ಪವ್ವನ ಮನಸ್ಸಿನಾಗೆ ಏನೋ ಐತೆ. ನನಗೆ ಗೊತ್ತಿಲ್ಲ. ಆ ಮನೆ ಒಳಗೆ ಕೂರಕ್ಕೆ ನಾಚ್ಕೆ ಆಯ್ತು, ಅದಕ್ಕೆ ಕಾಯಿ ಹಿಂದೆ ಬಚ್ಚಿಟ್ಕೊಂಡೆ. ತಪ್ಪು ನಂದೇಯ. ಅವರಿಗೆ ಯಾರನ್ನಾದ್ರೂ ಓದಿದೋರನ್ನ ಕೊಡಿ. ಮಾತಾಡಕ್ಕೆ ಸಲೀಸಾಯ್ತದೆ."

ಯಾರೂ ನಗಲಿಲ್ಲ. ದಯಾನಂದ ನೆಲ ನೋಡುತ್ತಿದ್ದ. ಪಾಸ್ಟರು, "ಪುಷ್ಪಲತಾ ಅವರೇ, ನೀವೇನಾದ್ರೂ ಹೇಳ್ತೀರಾ?" ಎಂದರು. ತಪ್ಪು ಅವಳದಲ್ಲ, ನನಗೆ ಅವಳೇ ಬೇಕು ಎಂದು ಹೇಳಬೇಕಿತ್ತು. ಅಷ್ಟು ಜನರ ಮುಂದೆ, ಗಂಡನ ಮುಂದೆ, ಅತ್ತೆಯ ಮುಂದೆ ಪುಷ್ಪಲತಾ ಇಲ್ಲ ಎಂಬಂತೆ ತಲೆ ಅಲ್ಲಾಡಿಸಿದಳು. ಬಂದು ಕೂತಳು. ಭೂತಮ್ಮನನ್ನು ಹೊಸದಾಗಿ ಮದುವೆಯಾಗಿ ಬಂದಿದ್ದ ಲಿಖಿತಾ ಎಂಬ ಹುಡುಗಿಗೆ ಜೊತೆ ಮಾಡಿದರು.

ಪುಷ್ಪಲತಾ ಎರಡು ವಾರ ತಡೆದಳು. ಮೂರನೆಯ ಬುಧವಾರ ಮಧ್ಯಾಹ್ನ ಯಾರಿಗೂ ಹೇಳದೆ ಚಿಕ್ಕನಾಯಕನಹಳ್ಳಿ ಬಸ್ಸು ಹತ್ತಿದಳು. ವರ್ಷಗಟ್ಟಲೆ ತಮ್ಮ ಮನೆಯಂಗಳದಲ್ಲಿ ದುಡಿದ ಹೆಂಗಸಿನ ಮನೆ ಯಾವುದೆಂದು ಹಳ್ಳಿಯಲ್ಲಿ ಇಳಿದು ಕೇಳಬೇಕಾಯಿತು.

ಒಂದೇ ಕೋಣೆಯ ಮನೆ, ಬಾಗಿಲು ತೆರೆದಿತ್ತು. ಚಾಪೆಯ ಮೇಲೆ ಭೂತಮ್ಮ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು. ಲಿಖಿತಾ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿ ಬಿಕ್ಕುತ್ತ ಏನೋ ಹೇಳುತ್ತಿದ್ದಳು. ಭೂತಮ್ಮನ ಒಂದು ಕೈ ಹುಡುಗಿಯ ತಲೆಯ ಮೇಲೆ, ಇನ್ನೊಂದು ಸುಮ್ಮನೆ ಚಾಪೆಯ ಮೇಲೆ. ಆ ಕೈಗಳು ಖಾಲಿಯಿದ್ದುದನ್ನು ಪುಷ್ಪಲತಾ ನೋಡಿದ್ದು ಅದೇ ಮೊದಲು.

"ಅಯ್ಯೋ, ಪುಷ್ಪವ್ವ!" ಭೂತಮ್ಮ ಹುಡುಗಿಯ ತಲೆ ಮೆಲ್ಲಗೆ ದಿಂಬಿಗಿಟ್ಟು ಎದ್ದು ಹೊರಗೆ ಬಂದಳು. "ಆಳು ಸಿಗ್ಲಿಲ್ವಾ ಅವ್ವ? ಹೇಳಿ ಕಳ್ಸಿದ್ರೆ ಬತ್ತಿರಲಿಲ್ವಾ ನಾನು? ನಾಳೆ ಮೊದಲ್ನೇ ಬಸ್ಸಿಗೆ ಬತ್ತೀನಿ ಬುಡು."

ಅವಳ ದನಿಯಲ್ಲಿ ಕೊಂಕು ಇರಲಿಲ್ಲ.

ಪುಷ್ಪಲತಾ ಅಲ್ಲೇ ಬೇವಿನ ಮರದ ಬುಡದಲ್ಲಿ ನಿಂತು ಹೇಳಿದಳು. ಅವ್ವನ ಹನ್ನೊಂದನೆಯ ದಿನ, ಅಣ್ಣನ ಮಾತು, ಲಗ್ನಪತ್ರಿಕೆ, ಅಣ್ಣ ರಸ್ತೆ ನೋಡಿದ್ದು. ನಾಲ್ಕು ನಿಮಿಷವೂ ಹಿಡಿಯಲಿಲ್ಲ.

ಭೂತಮ್ಮ ಕೆನ್ನೆಗೆ ಕೈಯಿಟ್ಟಳು. "ಇಷ್ಟೇನಾ ಅವ್ವ? ನನ್ನ ತಮ್ಮನ ಮನೇಲಿ ಎಷ್ಟು ಮದ್ವೆ ಆಗವೆ! ಹೋಗ್ತೀನಿ, ಈರುಳ್ಳಿ ಹೆಚ್ಚಿಕೊಡ್ತೀನಿ, ಹೆಣ್ಣಿನ ತಲೆ ಮುಟ್ಟಿ ನನ್ನ ದೇವ್ರನ್ನ ನೆನೀತೀನಿ, ಉಂಡು ಬತ್ತೀನಿ. ನೀನು ಒಂದು ಮಾತು ಅಂದಿದ್ರೆ ನಾನೇ ಜೊತೆಗೆ ಬತ್ತಿದ್ನಲ್ಲ. ನಿಮ್ಮಣ್ಣನ ಮುಂದೆ ನಾನು ನಿಂತ್ಕೊತಿದ್ದೆ."

ಒಳಗಿಂದ ಲಿಖಿತಾ, "ಅಜ್ಜಿ" ಎಂದು ಕರೆದಳು.

"ಬಂದೆ ಕಣವ್ವ." ಭೂತಮ್ಮ ಪುಷ್ಪಲತಾಳ ಮೊಣಕೈ ಹಿಡಿದಳು. "ಆ ಹುಡುಗಿಗೆ ಬಾಳ ಕಷ್ಟ ಐತೆ. ಬುಟ್ಟು ಬರಂಗಿಲ್ಲ. ಭಾನುವಾರ ಸಭೆ ಮುಗಿದ ಮೇಲೆ ಮಾತಾಡನ. ಕಾಯಿಗೆ ಮಾತ್ರ ನಾಳೆ ಬತ್ತೀನಿ, ಯೋಚನೆ ಮಾಡಬ್ಯಾಡ."

"ಬ್ಯಾಡ ಭೂತವ್ವ. ಆಳು ಸಿಕ್ಕವ್ರೆ," ಎಂದಳು ಪುಷ್ಪಲತಾ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಹಿತ್ತಿಲಲ್ಲಿ ಎರಡು ವಾರದ ಕಾಯಿ ಹಾಗೇ ಬಿದ್ದಿತ್ತು. ಕೆಂಚಮ್ಮ ಬಾಗಿಲಲ್ಲೇ ಕೂತಿದ್ದರು.

"ಎಲ್ಲಿಗೆ ಹೋಗಿದ್ಯೇ?"

"ಭೂತವ್ವನ ಮನೆಗೆ, ಅತ್ತೆ."

"ಬತ್ತಾಳಂತಾ?"

"ಬತ್ತೀನಿ ಅಂದ್ಲು. ನಾಳೆನೇ ಬತ್ತೀನಿ ಅಂದ್ಲು." ಪುಷ್ಪಲತಾ ಒಳಗೆ ಹೋಗಿ ಮುದ್ದೆಗೆ ಎಸರಿಟ್ಟಳು. "ನಾನೇ ಬ್ಯಾಡ ಅಂದೆ."